ಮಾಡುವುದು ಧಾರಣೆ, ಆಗುವುದು ಧ್ಯಾನ

ಧ್ಯಾನಕ್ಕೆ ಕೂರಲು ಶುರುಮಾಡಿ ಹತ್ತು ದಿನವಾಗುವಷ್ಟರಲ್ಲಿ ಬಹಳ ಜನ ಹೇಳುವ ಮಾತು ಒಂದೇ: "ಮನಸ್ಸು ನಿಲ್ಲೋದೇ ಇಲ್ಲ, ಇದು ನನ್ನ ಕೈಲಾಗೋ ಕೆಲಸ ಅಲ್ಲ." ಹೀಗೆ ಹೇಳಿ ಎದ್ದವರು ಮತ್ತೆ ಆ ಚಾಪೆಯ ಕಡೆ ತಿರುಗಿ ನೋಡುವುದಿಲ್ಲ. ಅವರು ಕೂತ ರೀತಿಯಲ್ಲಿ ದೊಡ್ಡ ತಪ್ಪೇನೂ ಇರುವುದಿಲ್ಲ. ಯಾವುದನ್ನು ನಾವು ಮಾಡಬೇಕು, ಯಾವುದು ತಾನಾಗಿ ಆಗಬೇಕು ಅನ್ನುವುದು ಅದಲುಬದಲಾಗಿರುತ್ತದೆ.

ಪತಂಜಲಿ ಇವೆರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದಾನೆ. ಅವನ ಯೋಗಸೂತ್ರದ ಮೂರನೆಯ ಪಾದ, ಅಂದರೆ ಅಧ್ಯಾಯ, ಶುರುವಾಗುವುದೇ ಅಲ್ಲಿಂದ. "ದೇಶಬಂಧಶ್ಚಿತ್ತಸ್ಯ ಧಾರಣಾ", ಚಿತ್ತವನ್ನು ಒಂದು ಜಾಗಕ್ಕೆ ಕಟ್ಟುವುದು ಧಾರಣೆ. "ತತ್ರ ಪ್ರತ್ಯಯೈಕತಾನತಾ ಧ್ಯಾನಮ್", ಹಾಗೆ ಕಟ್ಟಿದ ಕಡೆ ಒಂದೇ ಅರಿವು ಕಡಿಯದೆ ಹರಿದರೆ ಅದು ಧ್ಯಾನ. ಕಟ್ಟುವುದು ನಮ್ಮ ಕೆಲಸ. ಗೂಟಕ್ಕೆ ಹೊಸದಾಗಿ ಕಟ್ಟಿದ ಕರು ಎಳೆಯುತ್ತದೆ, ಸುತ್ತುತ್ತದೆ, ಹಗ್ಗ ಬಿಚ್ಚಿಕೊಂಡು ಓಡಲೂಬಹುದು. ಓಡಿದಾಗ ಹಿಡಿದು ತಂದು ಮತ್ತೆ ಕಟ್ಟುತ್ತೇವೆ. ಕರು ಮಲಗುವುದು ಅದರ ಹೊತ್ತಿಗೆ. ಅದನ್ನು ನಾವು ಮಲಗಿಸಲಾಗದು. ಧ್ಯಾನದ ಹರಿವಿಗೆ ರಾಮಾನುಜರು ಶ್ರೀಭಾಷ್ಯದಲ್ಲಿ ತೈಲಧಾರೆಯ ಹೋಲಿಕೆ ಕೊಡುತ್ತಾರೆ. ಹರಳೆಣ್ಣೆಯನ್ನು ಡಬ್ಬಿಯಿಂದ ಗಿಂಡಿಗೆ ಬಗ್ಗಿಸುವಾಗ ಗಮನಿಸಿ: ನೀರಾಗಿದ್ದರೆ ಒಡೆದು ಹನಿಹನಿಯಾಗುತ್ತದೆ, ಎಣ್ಣೆ ಒಂದು ದಾರದ ಹಾಗೆ ಸದ್ದಿಲ್ಲದೆ ಇಳಿಯುತ್ತದೆ. ಮೊದಲ ಕೆಲವು ವರ್ಷ ನಮ್ಮ ಪಾಲಿಗೆ ಇರುವುದು ನೀರಿನ ಹನಿಗಳೇ. ಅವನ್ನು ಒಂದರ ಹಿಂದೆ ಒಂದು ಹತ್ತಿರ ತರುತ್ತಾ ಹೋಗುವುದೇ ಅಭ್ಯಾಸ.

ಇಷ್ಟೆಲ್ಲ ಯಾಕೆ ಮಾಡಬೇಕು? ಇವತ್ತು ಧ್ಯಾನವನ್ನು ಒತ್ತಡಕ್ಕೆ ಮದ್ದು ಅಂತಲೇ ಹೇಳಿಕೊಡುತ್ತಾರೆ. ಆ ಲಾಭ ಸುಳ್ಳಲ್ಲ, ಆದರೆ ಯೋಗಶಾಸ್ತ್ರ ಹೊರಟಿದ್ದು ಅದಕ್ಕಲ್ಲ. "ಯೋಗಶ್ಚಿತ್ತವೃತ್ತಿನಿರೋಧಃ", ಚಿತ್ತದಲ್ಲಿ ಏಳುವ ಅಲೆಗಳನ್ನು, ಅಂದರೆ ವೃತ್ತಿಗಳನ್ನು, ನಿಲ್ಲಿಸುವುದೇ ಯೋಗ ಅನ್ನುವ ಸೂತ್ರ ಎಲ್ಲರ ಬಾಯಲ್ಲೂ ಇದೆ. ಅದರ ಮುಂದಿನ ಎರಡು ಸೂತ್ರಗಳಿಗೆ ಅಷ್ಟು ಗಮನ ಸಿಕ್ಕಿಲ್ಲ. ವೃತ್ತಿಗಳು ನಿಂತಾಗ ನೋಡುವವನು ತನ್ನ ಸ್ವರೂಪದಲ್ಲಿ ನೆಲೆಸುತ್ತಾನೆ. ಉಳಿದ ಹೊತ್ತಿನಲ್ಲಿ ಯಾವ ವೃತ್ತಿ ಎದ್ದಿದೆಯೋ ತಾನು ಅದೇ ಅಂದುಕೊಂಡಿರುತ್ತಾನೆ. ಪತಂಜಲಿ ಹೇಳುವ ವೃತ್ತಿಗಳು ಐದು: ಪ್ರಮಾಣ (ಸರಿಯಾದ ತಿಳುವಳಿಕೆ), ವಿಪರ್ಯಯ (ತಪ್ಪು ತಿಳುವಳಿಕೆ), ವಿಕಲ್ಪ (ಬರೀ ಮಾತಿನ ಕಲ್ಪನೆ), ನಿದ್ರೆ, ಸ್ಮೃತಿ (ನೆನಪು). ಕೆಟ್ಟ ಯೋಚನೆ ಮಾತ್ರವಲ್ಲ, ಸರಿಯಾದ ತಿಳುವಳಿಕೆಯೂ ನಿದ್ದೆಯೂ ಈ ಪಟ್ಟಿಯಲ್ಲಿವೆ. ನಮ್ಮ ಕನ್ನಡದಲ್ಲಿ "ನನಗೆ ಕೋಪ ಬಂತು", "ನಿದ್ದೆ ಬಂತು", "ನೆನಪು ಬಂತು" ಅನ್ನುತ್ತೇವೆ. ಬಂದದ್ದು ಬೇರೆ, ಯಾರಿಗೆ ಬಂತೋ ಅವನು ಬೇರೆ ಅನ್ನುವುದು ಮಾತಿನಲ್ಲೇ ಇದೆ. ಕೋಪ ಬಂದ ಗಳಿಗೆಯಲ್ಲಿ ಮಾತ್ರ ಆ ಬೇರೆತನ ಕಾಣುವುದಿಲ್ಲ. ಅದನ್ನು ಕಾಣುವಂತೆ ಮಾಡುವುದು ಈ ಸಾಧನೆಯ ಗುರಿ. ಅವಿದ್ಯೆ (ಅಜ್ಞಾನ), ಅಸ್ಮಿತೆ (ನಾನು ಅನ್ನುವ ಭಾವ), ರಾಗ (ಆಸೆ), ದ್ವೇಷ, ಅಭಿನಿವೇಶ (ಸಾವಿನ ಭಯ) ಅನ್ನುವ ಐದು ಕ್ಲೇಶಗಳು, ಅಂದರೆ ನಮ್ಮನ್ನು ನೋಯಿಸುವ ದೋಷಗಳು, ವೃತ್ತಿಯಾಗಿ ಎದ್ದಾಗ ಅವನ್ನು ಧ್ಯಾನದಿಂದ ಕಳೆಯಬೇಕು ಅನ್ನುತ್ತದೆ ಎರಡನೆಯ ಪಾದ. ಶಾಂತಿ ಅದರ ಜೊತೆಗೆ ಬರುವ ಫಲ.

ಈಗ ಕೂರುವ ವಿಷಯ. ಅರ್ಧ ತೊಂದರೆ ಇಲ್ಲೇ ಹುಟ್ಟುವುದರಿಂದ ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

195 ಸೂತ್ರಗಳಲ್ಲಿ (ಕೆಲವು ಪಾಠಗಳಲ್ಲಿ 196) ಆಸನಕ್ಕೆ ಮೀಸಲಾಗಿರುವುದು ಮೂರೇ. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಕಲಿಸಿದ ಆಸನಾಭ್ಯಾಸ ಇಂದು ಲೋಕದ ತುಂಬ ಹರಡಿದೆ. ಅದರ ಬೆಲೆ ಅದಕ್ಕಿದೆ. ಧ್ಯಾನಕ್ಕೆ ಬೇಕಾದದ್ದು ಮಾತ್ರ ಒಂದೇ ಆಸನ, ಸ್ಥಿರವಾಗಿಯೂ ಸುಖವಾಗಿಯೂ ಇರುವಂಥದ್ದು. ಗೀತೆಯ ಆರನೆಯ ಅಧ್ಯಾಯ ದರ್ಭೆ, ಅದರ ಮೇಲೆ ಚರ್ಮ, ಅದರ ಮೇಲೆ ಬಟ್ಟೆ ಹಾಸಿ, ಅತಿ ಎತ್ತರವೂ ಅಲ್ಲದ ಅತಿ ತಗ್ಗೂ ಅಲ್ಲದ ಕಡೆ ಕೂರಲು ಹೇಳುತ್ತದೆ. ನೆಲದ ತಂಪು ಮೈಗೆ ಏರಬಾರದು ಅನ್ನುವುದು ಒಂದು ಕಾರಣ. ಗ್ರಾನೈಟ್ ನೆಲದ ಮೇಲೆ ಬರೀ ತೆಳು ಚಾಪೆ ಹಾಕಿ ಕೂತರೆ ಇಪ್ಪತ್ತು ನಿಮಿಷಕ್ಕೆ ಸೊಂಟ ಹಿಡಿದುಕೊಳ್ಳುತ್ತದೆ. ಜಿಂಕೆ ಚರ್ಮ ಹುಡುಕಲು ಹೋಗಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಚಾಪೆ, ಅದರ ಮೇಲೆ ಮಡಚಿದ ಉಣ್ಣೆಯ ಕಂಬಳಿ ಸಾಕು.

ಆ ಕಂಬಳಿಯನ್ನು ಎಲ್ಲಿ ಇಡುತ್ತೀರಿ ಅನ್ನುವುದೇ ಮುಖ್ಯ. ಮೂರರಿಂದ ನಾಲ್ಕು ಅಂಗುಲ ಎತ್ತರಕ್ಕೆ ಗಟ್ಟಿಯಾಗಿ ಮಡಚಿ, ಅಂಚಿನ ಮೇಲೆ ಪೃಷ್ಠ ಮಾತ್ರ ಬರುವ ಹಾಗೆ ಕೂತುಕೊಳ್ಳಿ. ತೊಡೆಯ ಕೆಳಗೆ ಕಂಬಳಿ ಬರಬಾರದು. ಸೊಂಟ ಮಂಡಿಗಿಂತ ಮೇಲಿದ್ದರೆ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಗುತ್ತದೆ. ಮಂಡಿಗಳೇ ಮೇಲೆದ್ದು ನಿಂತಿದ್ದರೆ ಸೊಂಟ ಹಿಂದಕ್ಕೆ ಬಾಗುತ್ತದೆ, ಬೆನ್ನು ಗೂನಾಗುತ್ತದೆ, ಎದೆಗೂಡು ಮುಚ್ಚಿಕೊಳ್ಳುತ್ತದೆ, ಉಸಿರು ಮೇಲ್ಮೇಲಕ್ಕಾಗಿ ತೂಕಡಿಕೆ ಬರುತ್ತದೆ. ಧ್ಯಾನದಲ್ಲಿ ನಿದ್ದೆ ಬರುತ್ತದೆ ಅನ್ನುವವರು ಮನಸ್ಸನ್ನು ಬೈಯುವ ಮೊದಲು ಕಂಬಳಿಯನ್ನು ಇನ್ನೊಂದು ಮಡಿಕೆ ಏರಿಸಿ ನೋಡಬೇಕು. ಮಂಡಿ ನೆಲ ಮುಟ್ಟದೆ ತೂಗಾಡುತ್ತಿದ್ದರೆ ಅದರ ಕೆಳಗೆ ಒಂದು ಟವೆಲ್ಲು ಮಡಚಿ ತುರುಕಿ.

ಸ್ವಸ್ತಿಕಾಸನ, ಸಿದ್ಧಾಸನ, ಸುಖಾಸನ ಯಾವುದಾದರೂ ಆದೀತು. ಪದ್ಮಾಸನ ಕೀಲುಗಳು ಸಡಿಲವಿದ್ದವರಿಗೆ. ಅದರಲ್ಲಿ ತಿರುಗಬೇಕಾದದ್ದು ತೊಡೆಯ ಸಂದು. ಅದು ಬಿಗಿಯಾಗಿದ್ದರೆ ಆ ತಿರುವನ್ನು ಮಂಡಿ ಹೊರಬೇಕಾಗುತ್ತದೆ. ಮಂಡಿ ಬಾಗಿಲಿನ ಕೀಲಿನ ಹಾಗೆ ಮಡಚಲು ಆಗಿರುವಂಥದ್ದು, ತಿರುಚಲು ಅಲ್ಲ. ಆದ್ದರಿಂದ ತೊಡೆಯಲ್ಲೋ ಪೃಷ್ಠದಲ್ಲೋ ಮಂದವಾದ ನೋವಿದ್ದರೆ ತಡೆದುಕೊಳ್ಳಿ, ಮಂಡಿಯ ಒಳಗೆ ಚುಚ್ಚಿದ ಹಾಗಾದರೆ ಅದೇ ಕ್ಷಣ ಕಾಲು ಬಿಡಿಸಿ. ಕುರ್ಚಿಯಲ್ಲಿ ಕೂರುವವರೂ ಸಂಕೋಚಪಡಬೇಕಿಲ್ಲ. ಪಾದ ಪೂರ್ತಿ ನೆಲಕ್ಕೆ ಊರಿರಲಿ, ಬೆನ್ನು ಒರಗದಿರಲಿ.

ಮೈ, ತಲೆ, ಕತ್ತು ಒಂದೇ ನೇರದಲ್ಲಿ ಬಂದ ಮೇಲೆ ಬಿಗಿತ ಬಿಡಬೇಕು. "ಪ್ರಯತ್ನಶೈಥಿಲ್ಯ" ಅನ್ನುವುದು ಸೂತ್ರದ್ದೇ ಪದ. ಹಣೆ, ದವಡೆ, ಭುಜ, ಹೊಟ್ಟೆ ಹೀಗೆ ಮೇಲಿಂದ ಕೆಳಗೆ ಒಂದು ಸುತ್ತು ಗಮನ ಹರಿಸಿ. ನಾಲಗೆಯನ್ನು ಮರೆಯಬೇಡಿ. ಮನಸ್ಸು ಒಳಗೊಳಗೇ ಮಾತಾಡುತ್ತಿದ್ದರೆ ಅದು ಸಣ್ಣಗೆ ಮಿಸುಕುತ್ತಿರುತ್ತದೆ. ಅದನ್ನು ಮೇಲಿನ ಹಲ್ಲುಗಳ ಹಿಂದೆ ಸುಮ್ಮನೆ ಒರಗಿಸಿ ಬಿಟ್ಟರೆ ಮಾತೂ ಎಷ್ಟೋ ತಗ್ಗುತ್ತದೆ.

ಪ್ರಾಣಾಯಾಮವನ್ನು ಬಿಟ್ಟು ನೇರ ಧಾರಣೆಗೆ ಹಾರುವ ರೂಢಿ ಈಚೆಗೆ ಹೆಚ್ಚಾಗಿದೆ. ಅದು ನನಗೆ ಸರಿ ಕಾಣುವುದಿಲ್ಲ. "ಧಾರಣಾಸು ಚ ಯೋಗ್ಯತಾ ಮನಸಃ", ಮನಸ್ಸಿಗೆ ಧಾರಣೆಯ ಯೋಗ್ಯತೆ ಬರುತ್ತದೆ ಅಂತ ಪ್ರಾಣಾಯಾಮದ ಫಲವನ್ನೇ ಸೂತ್ರ ಹೇಳುತ್ತದೆ. ಅದು ಹೊಲ ಹದ ಮಾಡುವ ಕೆಲಸ. ಹೊಸಬರಿಗೆ ಕುಂಭಕವಿಲ್ಲದ, ಅಂದರೆ ಉಸಿರು ಕಟ್ಟಿ ಹಿಡಿಯದ, ನಾಡೀಶೋಧನ ಸಾಕು. ಬಲಗೈಯ ಹೆಬ್ಬೆರಳು ಬಲ ಮೂಗಿಗೆ, ಉಂಗುರ ಬೆರಳು ಮತ್ತು ಕಿರುಬೆರಳು ಎಡ ಮೂಗಿಗೆ. ಮೊದಲು ಒಳಗಿರುವ ಉಸಿರನ್ನೆಲ್ಲ ಬಿಡಿ. ಎಡದಿಂದ ನಾಲ್ಕು ಎಣಿಕೆಗೆ ಎಳೆದು ಬಲದಿಂದ ಎಂಟು ಎಣಿಕೆಗೆ ಬಿಡಿ, ಬಲದಿಂದ ನಾಲ್ಕಕ್ಕೆ ಎಳೆದು ಎಡದಿಂದ ಎಂಟಕ್ಕೆ ಬಿಡಿ. ಇದು ಒಂದು ಸುತ್ತು. ಹೀಗೆ ಆರರಿಂದ ಒಂಬತ್ತು ಸುತ್ತು. ಉಸಿರು ಬಿಟ್ಟ ಮೇಲೆ ಮುಂದಿನ ಉಸಿರನ್ನು ಗಬಕ್ಕನೆ ಎಳೆದುಕೊಳ್ಳಬೇಕು ಅನ್ನಿಸಿದರೆ ಎಣಿಕೆ ನಿಮ್ಮ ಅಳತೆ ಮೀರಿದೆ ಅಂತ ತಿಳಿಯಿರಿ, ಮೂರು-ಆರಕ್ಕೆ ಇಳಿಸಿ. ತಲೆ ಸುತ್ತಿದರೆ ನಿಲ್ಲಿಸಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು, ಬಸುರಿಯರು ಉಸಿರು ಕಟ್ಟಿ ಹಿಡಿಯುವುದನ್ನು ಮಾಡಲೇಬಾರದು. ಸುತ್ತುಗಳು ಮುಗಿದ ಮೇಲೆ ಎರಡು ನಿಮಿಷ ಉಸಿರನ್ನು ಅದರ ಪಾಡಿಗೆ ಬಿಟ್ಟುಬಿಡಿ. ತಾನಾಗಿ ಸಣ್ಣದಾಗುವುದು ಗೊತ್ತಾಗುತ್ತದೆ. ಆ ಹೊತ್ತೇ ಧಾರಣೆಗೆ ಸರಿಯಾದ ಹೊತ್ತು.

ಚಿತ್ತವನ್ನು ಎಲ್ಲಿ ಕಟ್ಟುವುದು? ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ನಾಭಿಚಕ್ರ, ಹೃದಯಕಮಲ, ತಲೆಯೊಳಗಿನ ಬೆಳಕು, ಮೂಗಿನ ತುದಿ, ನಾಲಗೆಯ ತುದಿ ಅಂತ ಜಾಗಗಳನ್ನು ಹೆಸರಿಸುತ್ತದೆ. ಪತಂಜಲಿ ಕೊನೆಗೆ "ಯಥಾಭಿಮತಧ್ಯಾನಾದ್ವಾ" ಅಂತ, ನಿಮಗೆ ಒಲಿದದ್ದರಲ್ಲಿ ಆದೀತು ಅನ್ನುತ್ತಾನೆ. ಈ ಸಲುಗೆಯನ್ನು ದಿನಕ್ಕೊಂದು ಬದಲಿಸಲು ಬಳಸಿಕೊಳ್ಳುವುದು ದೊಡ್ಡ ತಪ್ಪು. ಹತ್ತು ಕಡೆ ಹತ್ತು ಅಡಿ ತೋಡಿದರೆ ಬಾವಿ ಆಗುವುದಿಲ್ಲ. ದೀಕ್ಷೆ ಪಡೆದವರು ಗುರು ಕೊಟ್ಟ ಮಂತ್ರವನ್ನೇ ಹಿಡಿಯಲಿ. ಪಡೆಯದವರಿಗೆ ಮನೆದೇವರ ಹೆಸರೋ ಓಂಕಾರವೋ ಇದೆ. "ತಜ್ಜಪಸ್ತದರ್ಥಭಾವನಮ್", ಜಪದ ಜೊತೆಗೆ ಅದರ ಅರ್ಥವೂ ಮನಸ್ಸಿನಲ್ಲಿ ಇರಬೇಕು. ಅರ್ಥ ಜಾರಿದರೆ ಉಳಿಯುವುದು ಸದ್ದು ಮಾತ್ರ. ಕಣ್ಣು ಮುಚ್ಚಿದರೆ ತೂಕಡಿಸುವವರಿಗೆ ತೆರೆಗಣ್ಣಿನ ದಾರಿಯೂ ಇದೆ. ಅದರ ಚೆಂದದ ರೂಪ ನಮ್ಮ ನಾಡಿನ ಶರಣರ ಇಷ್ಟಲಿಂಗಪೂಜೆ. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು, ಅದರ ಕಪ್ಪು ಹೊಳಪಿನ ಮೇಲೆ ಕಾಣುವ ಬೆಳಕಿನ ಚುಕ್ಕಿಯಲ್ಲಿ ದೃಷ್ಟಿ ನಿಲ್ಲಿಸುತ್ತಾರೆ. ದೃಷ್ಟಿ ನೆಟ್ಟರೆ ಮನಸ್ಸು ಅದರ ಹಿಂದೆ ಬರುತ್ತದೆ.

ಎಣಿಸಲು ಜಪಮಾಲೆ ಇಲ್ಲದಿದ್ದರೆ ಕರಮಾಲೆ, ಅಂದರೆ ಬೆರಳ ಗೆಣ್ಣುಗಳ ಮೇಲೆ ಎಣಿಸುವುದು. ಬಲಗೈ ಬೆರಳುಗಳನ್ನು ಸಂದಿಲ್ಲದೆ ಜೋಡಿಸಿ, ಹೆಬ್ಬೆರಳನ್ನು ಉಂಗುರ ಬೆರಳಿನ ನಡುಗೆಣ್ಣಿನ ಮೇಲಿಡಿ, ಅದು ಒಂದು. ಅದರ ಬುಡ ಎರಡು. ಕಿರುಬೆರಳಿನ ಬುಡ, ನಡು, ತುದಿ ಸೇರಿ ಐದು. ಉಂಗುರ ಬೆರಳಿನ ತುದಿ ಆರು, ನಡುಬೆರಳಿನ ತುದಿ ಏಳು, ತೋರುಬೆರಳಿನ ತುದಿ, ನಡು, ಬುಡ ಎಂಟು, ಒಂಬತ್ತು, ಹತ್ತು. ನಡುಬೆರಳಿನ ಉಳಿದ ಎರಡು ಗೆಣ್ಣು ಮೇರು, ಅವನ್ನು ಮುಟ್ಟುವಂತಿಲ್ಲ. ಹತ್ತಾದಾಗ ಎಡಗೈಯಲ್ಲಿ ಒಂದು ಗೆಣ್ಣು ಸರಿಸಿ. ಹತ್ತು ಹತ್ತುಗಳಾದ ಮೇಲೆ ಎಂಟು ಸೇರಿಸಿದರೆ 108. ಉಸಿರಿಗೊಂದು ಜಪದಂತೆ, ಉಸಿರಿಗೆ ಏಳು ಸೆಕೆಂಡು ಹಿಡಿದರೆ ಇದಕ್ಕೆ ಹನ್ನೆರಡು ಹದಿಮೂರು ನಿಮಿಷ ಬೇಕು. ಐದು ನಿಮಿಷಕ್ಕೆ ಮುಗಿದರೆ ಓಡಿಸಿದ್ದೀರಿ ಅಂತಲೇ ಅರ್ಥ. ಜಪ ಮೊದಲು ತುಟಿ ಆಡುವಷ್ಟು, ಅಂದರೆ ಉಪಾಂಶು. ಸ್ವಲ್ಪ ನೆಲೆ ಸಿಕ್ಕ ಮೇಲೆ ಮಾನಸ, ಅಂದರೆ ಮನಸ್ಸಿನಲ್ಲೇ.

ಇನ್ನು ಮನಸ್ಸು ಹೊರಟುಹೋಗುವ ಮಾತು. ಅದು ಹೋಗುವ ಕ್ಷಣ ಯಾರಿಗೂ ಗೊತ್ತಾಗುವುದಿಲ್ಲ. ಬಾಯಿ ಮಂತ್ರ ಹೇಳುತ್ತಲೇ ಇರುತ್ತದೆ, ಹೆಬ್ಬೆರಳು ಸರಿಯುತ್ತಲೇ ಇರುತ್ತದೆ. ಒಳಗೆ ನಿನ್ನೆ ಯಾರೋ ಅಂದ ಒಂದು ಮಾತಿಗೆ ಉತ್ತರ ತಯಾರಾಗುತ್ತಿರುತ್ತದೆ. ಆಮೇಲೆ ಎಲ್ಲೋ ಒಂದು ಕಡೆ "ಅರೆ!" ಅನ್ನಿಸುತ್ತದೆ. ಆ ಕ್ಷಣದಲ್ಲಿ ಏನು ಮಾಡುತ್ತೀರಿ ಅನ್ನುವುದರ ಮೇಲೆ ಇಡೀ ಅಭ್ಯಾಸ ನಿಂತಿದೆ. ಬಹಳ ಜನ ಅಲ್ಲಿ ಎರಡು ತಪ್ಪು ಮಾಡುತ್ತಾರೆ. ಒಂದು, ತಮ್ಮನ್ನೇ ಬೈದುಕೊಳ್ಳುವುದು. ಬೈಗುಳವೂ ಒಂದು ವೃತ್ತಿ, ಅದರ ಹಿಂದೆ ಇನ್ನೊಂದು ನಿಮಿಷ ಹೋಗುತ್ತದೆ. ಎರಡು, ಈ ಯೋಚನೆ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹುಡುಕುತ್ತಾ ಹೋಗುವುದು. ಎರಡನ್ನೂ ಬಿಟ್ಟು ಒಂದು ಉಸಿರು ಉದ್ದವಾಗಿ ಹೊರಬಿಟ್ಟು ಮಂತ್ರವನ್ನು ಮೊದಲಕ್ಷರದಿಂದ ಹಿಡಿಯಿರಿ. ಎಣಿಕೆ ತಪ್ಪಿದ್ದರೆ ಆ ಹತ್ತನ್ನು ಮತ್ತೆ ಒಂದರಿಂದ ಶುರುಮಾಡಿ. ಚಂಚಲವಾದ ಮನಸ್ಸು ಎಲ್ಲೆಲ್ಲಿ ಹೊರಗೆ ಹರಿಯುತ್ತದೋ ಅಲ್ಲಲ್ಲಿಂದ ಅದನ್ನು ತಿರುಗಿಸಿ ತರಬೇಕು ಅನ್ನುತ್ತದೆ ಗೀತೆ. ಎಷ್ಟು ಸಲ ಅಂತ ಲೆಕ್ಕ ಹೇಳಿಲ್ಲ. ಇಪ್ಪತ್ತು ನಿಮಿಷದಲ್ಲಿ ಐವತ್ತು ಸಲ ತಂದಿದ್ದರೆ ಐವತ್ತು ಸಲ ಧಾರಣೆ ಮಾಡಿದ್ದೀರಿ.

ದಾರಿಯಲ್ಲಿ ಎದುರಾಗುವ ಅಡ್ಡಿಗಳಿಗೆ ಯೋಗಸೂತ್ರ ವ್ಯಾಧಿಯಿಂದ ಹಿಡಿದು ಒಂಬತ್ತು ಹೆಸರು ಕೊಡುತ್ತದೆ. ಕೂತಾಗ ಆ ಕ್ಷಣದಲ್ಲೇ ಗುರುತಿಸಲು ಅದ್ವೈತದ ಹಿರಿಯ ಆಚಾರ್ಯ ಗೌಡಪಾದರ ಕಾರಿಕೆಯನ್ನು ಅನುಸರಿಸಿ ವೇದಾಂತಿಗಳು ಎಣಿಸುವ ನಾಲ್ಕು ಹೆಚ್ಚು ಉಪಯೋಗಕ್ಕೆ ಬರುತ್ತವೆ ಅಂತ ನನ್ನ ಅನಿಸಿಕೆ: ಲಯ, ವಿಕ್ಷೇಪ, ಕಷಾಯ, ರಸಾಸ್ವಾದ.

ಲಯ ಅಂದರೆ ಮನಸ್ಸು ನಿದ್ದೆಗೆ ಜಾರುವುದು. ಮಂತ್ರದ ಅಕ್ಷರಗಳು ಅರ್ಧಂಬರ್ಧವಾಗುತ್ತವೆ, ಸಂಬಂಧವಿಲ್ಲದ ಚಿತ್ರಗಳು ಕನಸಿನ ತುಂಡಿನ ಹಾಗೆ ಹಾಯುತ್ತವೆ, ಗಲ್ಲ ಎದೆಯ ಕಡೆ ಇಳಿಯುತ್ತದೆ. ಇದನ್ನು "ಆಳಕ್ಕೆ ಹೋದೆ" ಅಂದುಕೊಂಡು ವರ್ಷಗಟ್ಟಲೆ ಮೋಸಹೋಗುವವರಿದ್ದಾರೆ. ಗುರುತು ಸುಲಭ: ಎದ್ದ ಮೇಲೆ ಮಂಕು ಇದ್ದರೆ ಅದು ಲಯ. ಕಣ್ಣು ತೆರೆಯಿರಿ, ಬೆನ್ನು ಎತ್ತಿ, ಹತ್ತು ಜಪ ಗಟ್ಟಿಯಾಗಿ ಹೇಳಿ. ಆದರೂ ಬಗೆಹರಿಯದಿದ್ದರೆ ಎದ್ದು ಮುಖ ತೊಳೆದು ಬನ್ನಿ. ದಿನಾ ಇದೇ ಆದರೆ ರಾತ್ರಿ ಮಲಗುವ ಹೊತ್ತನ್ನೂ ಊಟವನ್ನೂ ನೋಡಿಕೊಳ್ಳಬೇಕು.

ವಿಕ್ಷೇಪ ಇದಕ್ಕೆ ತಿರುಗು ಮುರುಗು, ಮನಸ್ಸು ಹೊರಗೆ ಹರಿದಾಡುವುದು. ಅದಕ್ಕೆ ಉಸಿರು ಬಿಡುವುದನ್ನು ಉದ್ದ ಮಾಡುವುದು, ಮಾನಸದಿಂದ ಉಪಾಂಶುವಿಗೆ ಇಳಿಯುವುದು ಮದ್ದು.

ಕಷಾಯ ಹೇಳಲು ಕಷ್ಟ. ನಿದ್ದೆಯಿಲ್ಲ, ಯೋಚನೆಯೂ ಇಲ್ಲ, ಆದರೂ ಮನಸ್ಸು ಮೂಕವಾಗಿ, ಗಟ್ಟಿಯಾಗಿ ನಿಂತಿರುತ್ತದೆ. ಒಳಗೆ ಹಳೆಯ ರಾಗವೋ ದ್ವೇಷವೋ ಕಲೆಯಂತೆ ಕೂತಿದೆ ಅಂತ ಅರ್ಥ. "ವಿಜಾನೀಯಾತ್", ತಿಳಿದುಕೊಳ್ಳಬೇಕು ಅನ್ನುತ್ತಾರೆ ಗೌಡಪಾದರು. ಎಬ್ಬಿಸಿ ಅನ್ನುವುದಿಲ್ಲ, ಶಮನ ಮಾಡಿ ಅಂತಲೂ ಅನ್ನುವುದಿಲ್ಲ. ಕೂತು ಅದನ್ನು ಒತ್ತಿದರೆ ಹೋಗುವಂಥದ್ದಲ್ಲ. ಹಗಲಿನ ಬದುಕಿನಲ್ಲಿ ಯಾರ ಮೇಲೆ ಏನಿದೆ ಅಂತ ನೋಡಿಕೊಳ್ಳಬೇಕು. ಸುಖಿಗಳನ್ನು ಕಂಡಾಗ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ (ಸಂತೋಷ), ಪಾಪಿಗಳಲ್ಲಿ ಉಪೇಕ್ಷೆ ಅಂತ ಪತಂಜಲಿ ಹೇಳಿದ್ದು ಈ ಕಲೆ ತೊಳೆಯಲು. ಬೇರೆಯವರ ಏಳಿಗೆ ಕಂಡಾಗ ಎದೆಯಲ್ಲಿ ಸಣ್ಣಗೆ ಚುರ್ ಅನ್ನುತ್ತದಲ್ಲ, ಅದನ್ನು ಅಲ್ಲೇ ಮೈತ್ರಿಯಿಂದ ತೊಳೆದವರಿಗೆ ಮರುದಿನ ಬೆಳಗಿನ ಮೊದಲ ಹತ್ತು ನಿಮಿಷ ಉಳಿಯುತ್ತದೆ. ಸತ್ಯ, ಅಹಿಂಸೆಯಂಥ ಯಮನಿಯಮಗಳು ಮೊದಲು ಬರುವುದೂ ಇದಕ್ಕೇ. ಒಂದು ಸುಳ್ಳು ಹೇಳಿದರೆ ಯಾರಿಗೆ ಏನು ಹೇಳಿದೆ ಅಂತ ನೆನಪಿಟ್ಟುಕೊಳ್ಳಬೇಕು. ಕಣ್ಣು ಮುಚ್ಚಿದ ಕೂಡಲೇ ಬರುವುದು ಆ ನೆನಪು.

ರಸಾಸ್ವಾದ ಸ್ವಲ್ಪ ಮುಂದೆ ಹೋದವರ ತೊಡಕು. ಒಂದು ದಿನ ತುಂಬ ಹಿತವಾಗಿರುತ್ತದೆ. ಮರುದಿನ ಕೂತಾಗ ಮಂತ್ರವನ್ನು ಬಿಟ್ಟು ನಿನ್ನೆಯ ಆ ಹಿತವನ್ನೇ ಹುಡುಕುತ್ತಾರೆ. ಬೆಳಕು, ನಾದ, ಮೈ ಹಗುರಾದಂತೆ, ದೊಡ್ಡದಾದಂತೆ ಅನ್ನಿಸುವುದು ಎಲ್ಲ ಇದೇ ಸಾಲಿಗೆ ಸೇರಿದವು. ಮಂಜು, ಹೊಗೆ, ಮಿಂಚುಹುಳು, ಮಿಂಚು, ಸ್ಫಟಿಕ, ಚಂದ್ರ ಇಂಥವು ಕಾಣುತ್ತವೆ ಅಂತ ಶ್ವೇತಾಶ್ವತರ ಉಪನಿಷತ್ತು ಮೊದಲೇ ಹೇಳಿಟ್ಟಿದೆ. ಕಂಡರೆ ಹೆದರಬೇಕಿಲ್ಲ, ಹಿಗ್ಗಬೇಕಿಲ್ಲ. ಮಂತ್ರಕ್ಕೆ ವಾಪಸ್ಸಾದರೆ ಆಯಿತು. ನಿದ್ದೆಯೇ ಕೆಟ್ಟುಹೋದರೆ, ಕಾರಣವಿಲ್ಲದ ಭಯ ದಿನವಿಡೀ ಕಾಡಿದರೆ, ಯಾರೋ ಮಾತಾಡುತ್ತಿರುವಂತೆ ಕೇಳಿಸತೊಡಗಿದರೆ ಮಾತ್ರ ಅದನ್ನು ಅನುಭವ ಅಂದುಕೊಳ್ಳದೆ ಕೂರುವುದನ್ನು ನಿಲ್ಲಿಸಿ ಡಾಕ್ಟರನ್ನು ಕಾಣಬೇಕು.

ಊಟದ ಬಗ್ಗೆ ಹಠಯೋಗಪ್ರದೀಪಿಕೆಯ ಅಳತೆ ಎಲ್ಲ ಮನೆಗೂ ಹೊಂದುತ್ತದೆ: ಹೊಟ್ಟೆಯ ಕಾಲು ಭಾಗ ಖಾಲಿ ಬಿಡಬೇಕು. ನಾಲ್ಕು ಚಪಾತಿ ತಿನ್ನುವವರು ಮೂರಕ್ಕೆ ಏಳಬೇಕು. ಊಟವಾಗಿ ಮೂರು ಗಂಟೆಯೊಳಗೆ ಕೂರಬೇಡಿ. ಅದೇ ಗ್ರಂಥ ಯೋಗ ಕೆಡಿಸುವ ಆರರಲ್ಲಿ ಅತಿಯಾದ ಊಟ, ಅತಿಯಾದ ಮಾತಿನ ಜೊತೆಗೆ "ನಿಯಮಾಗ್ರಹ"ವನ್ನೂ, ಅಂದರೆ ನಿಯಮಕ್ಕೆ ಹಠ ಹಿಡಿಯುವುದನ್ನೂ, ಹೇಳಿದೆ. ಜ್ವರವಿದ್ದರೂ ತಣ್ಣೀರು ಸ್ನಾನ ಮಾಡಿಯೇ ಕೂರುತ್ತೇನೆ ಅನ್ನುವವರು ಇದನ್ನು ಗಮನಿಸಬೇಕು.

ಹೊತ್ತು ಬೆಳಿಗ್ಗೆಯಾದರೆ ಉತ್ತಮ, ಮೊಬೈಲು ಮುಟ್ಟುವ ಮೊದಲು. ಮೊದಲ ತಿಂಗಳು ದಿನಾ ಇಪ್ಪತ್ತು ನಿಮಿಷ, ಆಮೇಲೆ ತಿಂಗಳಿಗೆ ಐದು ನಿಮಿಷ ಏರಿಸಿ. ಭಾನುವಾರ ಎರಡು ಗಂಟೆ ಕೂತು ವಾರವೆಲ್ಲ ಬಿಡುವುದಕ್ಕಿಂತ ಇದು ಎಷ್ಟೋ ಮೇಲು. ದೀರ್ಘಕಾಲ, ಎಡೆಬಿಡದೆ, ಆದರದಿಂದ ಅಂತ ಸೂತ್ರ ಮೂರು ಷರತ್ತು ಹಾಕಿದೆ. ಮೂರರಲ್ಲಿ ಎಡೆಬಿಡದೆ ಅನ್ನುವುದೇ ಮೊದಲು ಮುರಿಯುವಂಥದ್ದು. ಫಲ ಅಳೆಯಬೇಕು ಅನ್ನಿಸಿದರೆ ಕೂತಾಗ ಕಂಡದ್ದನ್ನು ಅಳೆಯಬೇಡಿ. ಕೋಪ ಬಂದಾಗ ಅದು ಬಂದದ್ದು ಗೊತ್ತಾಗಲು ಎಷ್ಟು ಹೊತ್ತು ಹಿಡಿಯುತ್ತಿದೆ ಅಂತ ನೋಡಿ. ಮೊದಲು ಜಗಳ ಮುಗಿದ ಮೇಲೆ ಗೊತ್ತಾಗುತ್ತಿತ್ತು, ಆಮೇಲೆ ಜಗಳದ ನಡುವೆ, ಆಮೇಲೆ ಮಾತು ಬಾಯಿಗೆ ಬರುವ ಮೊದಲು. ಕ್ಲೇಶ ತೆಳುವಾಗುವುದು ಅಂದರೆ ಇದೇ.

ಜಪ ಮುಗಿದ ತಕ್ಷಣ ಏಳಬೇಡಿ. ಮಂತ್ರವನ್ನೂ ಬಿಟ್ಟು ಎರಡು ಮೂರು ನಿಮಿಷ ಹಾಗೆಯೇ ಇರಿ. ಎಷ್ಟೋ ದಿನ ನಿಜವಾದ ಮೌನ ಸಿಗುವುದು ಅಲ್ಲಿ. ಅಂಗೈಗಳನ್ನು ಉಜ್ಜಿ ಕಣ್ಣಿನ ಮೇಲಿಟ್ಟು, ನೆಲ ನೋಡುತ್ತಾ ಕಣ್ಣು ತೆರೆಯಿರಿ. ಕಾಲು ಜೋಮು ಹಿಡಿದಿದ್ದರೆ ಕೈಯಿಂದ ಎತ್ತಿ ಮುಂದಕ್ಕೆ ಚಾಚಿ, ಪಾದವನ್ನು ಹಿಂದೆ ಮುಂದೆ ಆಡಿಸಿ, ಮೀನಖಂಡವನ್ನು ನೀವಿಕೊಳ್ಳಿ. ಕೂತ ಭಾರಕ್ಕೆ ನರ ಒತ್ತಿಕೊಂಡಿರುವುದರಿಂದ ಹಾಗಾಗುತ್ತದೆ. ಸ್ಪರ್ಶ ಪೂರ್ತಿ ಮರಳುವ ಮುಂಚೆ ಎದ್ದರೆ ಪಾದ ಹೊರಳಿ ಬೀಳುತ್ತೀರಿ. ಬೆರಳ ತುದಿಗೆ ಜುಂ ಅನ್ನುವುದು ನಿಂತ ಮೇಲೆ ಎದ್ದು ಕಂಬಳಿ ಮಡಚಿಡಿ.